ಪಿಸ್ತೂಲು ಪಳಗಿಸುವಿಕೆ ಮತ್ತು ಅಡಚಣೆ ನಿವಾರಣೆ

ಪಿಸ್ತೂಲು ಪಳಗಿಸುವಿಕೆ ಎಂಬುದು ಹೊಸ ಅರೆಸ್ವಯಂಚಾಲಿತ ಪಿಸ್ತೂಲಿನಿಂದ ನಿರ್ದಿಷ್ಟ ಸಂಖ್ಯೆಯ ಗುಂಡುಗಳನ್ನು ಹಾರಿಸಿ, ನಡುನಡುವೆ ಅದನ್ನು ಶುಚಿಗೊಳಿಸಿ, ಅದರ ಚಲಿಸುವ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಂತೆ ಮಾಡುವ ಕ್ರಮವಾಗಿದೆ. ಈ ಅವಧಿಯಲ್ಲಾಗಲಿ ಅನಂತರವಾಗಲಿ ಪಿಸ್ತೂಲು ಗುಂಡು ಹಾರಿಸದೆ, ಮುಂದಿನ ಕಾಡತೂಸನ್ನು ಒಳಗೆ ತೆಗೆದುಕೊಳ್ಳದೆ ಅಥವಾ ಖಾಲಿ ಕವಚವನ್ನು ಹೊರಗೆ ಎಸೆಯದೆ ನಿಂತುಬಿಡುವುದನ್ನು ಅಡಚಣೆ ಎಂದು ಕರೆಯಲಾಗುತ್ತದೆ. ಅಡಚಣೆಯ ಮೂಲವು ಬಹುಮಟ್ಟಿಗೆ ನಾಲ್ಕರಲ್ಲಿ ಒಂದೆಡೆ ಇರುತ್ತದೆ: ಕಾಡತೂಸು, ಮ್ಯಾಗಜೀನ್, ಪಿಸ್ತೂಲಿನ ಯಂತ್ರಭಾಗ ಮತ್ತು ಅದನ್ನು ಹಿಡಿದ ಕೈ. ಗಾತ್ರದಲ್ಲಿ ಚಿಕ್ಕದಾದ ಕಾಂಪ್ಯಾಕ್ಟ್ ಪಿಸ್ತೂಲುಗಳಲ್ಲಿ ಈ ಸಮಸ್ಯೆಗಳು ದೊಡ್ಡ ಪಿಸ್ತೂಲುಗಳಿಗಿಂತ ಸುಲಭವಾಗಿ ತಲೆದೋರುತ್ತವೆ.

ಅಡಚಣೆಯಾದ ಪಿಸ್ತೂಲು ಖಾಲಿಯಾದ ಪಿಸ್ತೂಲಲ್ಲ. ಕುದುರೆ ಎಳೆದಾಗ ಸಿಡಿಯದ ಕಾಡತೂಸು ಕೆಲವು ಕ್ಷಣಗಳ ಬಳಿಕ ಸಿಡಿಯಬಹುದು. ಮ್ಯಾಗಜೀನನ್ನು ಹೊರತೆಗೆದ ಮೇಲೂ ನಳಿಕೆಯೊಳಗೆ ಒಂದು ಕಾಡತೂಸು ಉಳಿದಿರಬಹುದು. ಆದ್ದರಿಂದ ಈ ವಿಷಯದಲ್ಲಿ ಯಂತ್ರದ ತಿಳಿವಳಿಕೆಯಷ್ಟೇ ಸುರಕ್ಷತಾ ಶಿಸ್ತಿಗೂ ಮಹತ್ವವಿದೆ.

ಐತಿಹಾಸಿಕ ಹಿನ್ನೆಲೆ

ಬಂದೂಕು ಕೈಕೊಡುವ ಸಮಸ್ಯೆಯು ಬಂದೂಕಿನಷ್ಟೇ ಹಳೆಯದು. ಕನ್ನಡ ನಾಡಿನಲ್ಲಿ ಕೈಬಂದೂಕಿನ ಬಳಕೆಯ ಪ್ರಸಿದ್ಧ ಉಲ್ಲೇಖಗಳು ವಿಜಯನಗರ ಕಾಲದವು. 1520ರ ಸುಮಾರಿಗೆ ಹಂಪಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ಸಂದರ್ಭದ ಸೇನಾ ಪರಿವೀಕ್ಷಣೆಯನ್ನು ವರ್ಣಿಸುವಾಗ ಬಂದೂಕುಧಾರಿಗಳನ್ನೂ ಹೆಸರಿಸಿದ್ದಾನೆ. ಅದೇ ವರ್ಷದ ರಾಯಚೂರು ಮುತ್ತಿಗೆಯಲ್ಲಿ ಕ್ರಿಸ್ತೊವಾವ್ ದ ಫಿಗೈರೇದು ಎಂಬ ಪೋರ್ಚುಗೀಸನು ತನ್ನ ಬಂದೂಕುಧಾರಿಗಳೊಡನೆ ಕೃಷ್ಣದೇವರಾಯನ ಪಕ್ಷದಲ್ಲಿ ಹೋರಾಡಿದನೆಂದು ಫೆರ್ನಾವೊ ನೂನಿಜ್ ಬರೆದಿದ್ದಾನೆ. ಆ ಕಾಲದ ಬತ್ತಿ ಬಂದೂಕುಗಳಲ್ಲಿ ಉರಿಯುವ ಬತ್ತಿಯ ಕೊನೆಯನ್ನು ಕಿವಿಬಟ್ಟಲಿನ ಮದ್ದಿಗೆ ತಾಗಿಸಿ ಗುಂಡು ಹಾರಿಸಬೇಕಿತ್ತು. ಮಳೆಹನಿ ಬಿದ್ದರೆ ಬತ್ತಿ ಆರುತ್ತಿತ್ತು. ಮದ್ದು ತೇವಗೊಂಡರೆ ಬಂದೂಕು ಬರಿಯ ಕೋಲಾಗುತ್ತಿತ್ತು.

ಮುಂದೆ ಬಂದ ಚಕಮಕಿ ಬಂದೂಕಿನಲ್ಲಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹೊಮ್ಮುತ್ತಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ತಯಾರಾದ, ಹುಲಿಪಟ್ಟೆಯ ಅಲಂಕಾರವುಳ್ಳ ಬಂದೂಕು ಹಾಗೂ ಪಿಸ್ತೂಲುಗಳು ಈ ಬಗೆಯವು. 1799ರಲ್ಲಿ ಶ್ರೀರಂಗಪಟ್ಟಣದ ಪತನದ ತರುವಾಯ ಅವುಗಳಲ್ಲಿ ಅನೇಕವು ಬ್ರಿಟನ್ನಿಗೆ ಸಾಗಿದವು. ಚಕಮಕಿ ಆಯುಧಗಳಲ್ಲಿ ಕಲ್ಲು ಸವೆದು ಕಿಡಿ ಹಾರದಿರುವುದು, ಬಟ್ಟಲಿನ ಮದ್ದು ಮಾತ್ರ ಭಗ್ಗನೆ ಉರಿದು ನಳಿಕೆಯೊಳಗಿನ ಮದ್ದು ಹೊತ್ತದಿರುವುದು ಸಾಮಾನ್ಯ ದೋಷಗಳಾಗಿದ್ದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರೈಮರ್, ಮದ್ದು ಮತ್ತು ಗುಂಡನ್ನು ಒಂದೇ ಲೋಹಕವಚದಲ್ಲಿ ಸೇರಿಸಿದ ಕಾಡತೂಸು ರೂಢಿಗೆ ಬಂದಿತು. ತೇವದ ತೊಂದರೆ ಇದರಿಂದ ಬಹುಮಟ್ಟಿಗೆ ನೀಗಿತು. ಆದರೆ 1890ರ ದಶಕದಲ್ಲಿ ಗುಂಡಿನ ಹಿನ್ನೊದೆತದ ಬಲದಿಂದಲೇ ಮರುಭರ್ತಿಯಾಗುವ ಪಿಸ್ತೂಲುಗಳು ಬಂದಾಗ ದೋಷದ ಸ್ವರೂಪವೇ ಬದಲಾಯಿತು. ಬೆಂಕಿ ಹೊತ್ತದಿರುವುದರ ಜೊತೆಗೆ, ಕವಚವನ್ನು ಹೊರತೆಗೆದು ಹೊಸ ಕಾಡತೂಸನ್ನು ಒಳತರುವ ಚಲನೆಯು ನಡುದಾರಿಯಲ್ಲಿ ತಡೆಯುವುದೂ ಒಂದು ಸಮಸ್ಯೆಯಾಯಿತು. ಅಮೆರಿಕದ ಸೇನೆಯು 1911ರ ಮಾರ್ಚ್ ತಿಂಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಪಿಸ್ತೂಲು 6,000 ಗುಂಡುಗಳನ್ನು ಒಂದೂ ಅಡಚಣೆಯಿಲ್ಲದೆ ಹಾರಿಸಿತು. ಸ್ಪರ್ಧೆಯಲ್ಲಿದ್ದ ಸ್ಯಾವೇಜ್ ಕಂಪನಿಯ ಪಿಸ್ತೂಲು 37 ಬಾರಿ ಕೈಕೊಟ್ಟಿತು. ಆ ತಿಂಗಳ ಕೊನೆಯಲ್ಲಿ ಕೋಲ್ಟ್ ಪಿಸ್ತೂಲನ್ನು ಸೇನೆ ಸ್ವೀಕರಿಸಿತು. ಕೈಪಿಸ್ತೂಲಿನ ಯೋಗ್ಯತೆಯನ್ನು ಅಡಚಣೆಗಳ ಲೆಕ್ಕದಿಂದ ಅಳೆದುದಕ್ಕೆ ಇದು ಪ್ರಸಿದ್ಧ ನಿದರ್ಶನ.

ಕಾರ್ಯವಿಧಾನ

ಅಡಚಣೆಗಳನ್ನು ಅರಿಯಲು ಪಿಸ್ತೂಲಿನ ಚಲನೆಯ ಚಕ್ರವನ್ನು ತಿಳಿಯುವುದು ಅವಶ್ಯ. ಪ್ರತಿ ಗುಂಡಿಗೂ ಈ ಕೆಳಗಿನ ಎಂಟು ಹಂತಗಳು ಒಂದಾದ ಮೇಲೊಂದರಂತೆ ಜರುಗುತ್ತವೆ.

1. ಮೇಲಿನ ಸ್ಲೈಡ್ ಮುಂದಕ್ಕೆ ಬರುತ್ತ ಮ್ಯಾಗಜೀನಿನ ಮೇಲ್ತುದಿಯ ಕಾಡತೂಸನ್ನು ತಳ್ಳುತ್ತದೆ.
2. ಕಾಡತೂಸು ಇಳಿಜಾರಾದ ದಾರಿಯನ್ನೇರಿ ನಳಿಕೆಯ ಹಿಂಬದಿಯ ಕೋಣೆಯನ್ನು, ಅಂದರೆ ಚೇಂಬರನ್ನು ಸೇರುತ್ತದೆ.
3. ಸ್ಲೈಡ್ ಪೂರ್ಣವಾಗಿ ಮುಚ್ಚಿಕೊಳ್ಳುತ್ತದೆ.
4. ಕುದುರೆಯನ್ನು ಎಳೆದಾಗ ಫೈರಿಂಗ್ ಪಿನ್ ಪ್ರೈಮರಿಗೆ ಬಡಿದು ಗುಂಡು ಹಾರುತ್ತದೆ.
5. ಹಿನ್ನೊದೆತದಿಂದ ಸ್ಲೈಡಿನ ಬೀಗ ತೆರೆಯುತ್ತದೆ.
6. ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆಯು ಖಾಲಿ ಕವಚದ ಅಂಚನ್ನು ಹಿಡಿದು ಹಿಂದಕ್ಕೆಳೆಯುತ್ತದೆ.
7. ಎಜೆಕ್ಟರ್ ಎಂಬ ಗೂಟಕ್ಕೆ ತಾಗಿದ ಕವಚವು ಪಕ್ಕದ ಕಿಂಡಿಯಿಂದ ಹೊರಗೆ ಚಿಮ್ಮುತ್ತದೆ.
8. ಹೊಡೆಯುವ ಯಂತ್ರವು ಮತ್ತೆ ಸಜ್ಜಾಗುತ್ತದೆ ಮತ್ತು ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ದೂಡುತ್ತದೆ.

ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಈ ಎಲ್ಲವೂ ಮುಗಿಯುತ್ತವೆ. ಯಾವ ಅಡಚಣೆಯೇ ಆದರೂ ಈ ಎಂಟರಲ್ಲಿ ಒಂದು ಹಂತ ತಪ್ಪಿದುದರ ಗುರುತು. ಯಾವ ಹಂತ ತಪ್ಪಿತೆಂದು ಕಂಡುಕೊಂಡರೆ ಕಾರಣವನ್ನು ಅರ್ಧ ಕಂಡುಕೊಂಡಂತೆ.

ಪಾಯಿಂಟ್ 32 ಬೋರಿನ ಬಹುತೇಕ ಪಿಸ್ತೂಲುಗಳಲ್ಲಿ ಐದನೆಯ ಹಂತದ ಬೀಗವಿರುವುದಿಲ್ಲ. ಅವುಗಳಲ್ಲಿ ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಲವೇ ನಳಿಕೆಯನ್ನು ಅಗತ್ಯವಿರುವಷ್ಟು ಹೊತ್ತು ಮುಚ್ಚಿ ಹಿಡಿಯುತ್ತವೆ. ಹೆಚ್ಚು ಒತ್ತಡದ 9 ಮಿ.ಮೀ. ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ನಳಿಕೆ ಮತ್ತು ಸ್ಲೈಡ್ ಕೆಲದೂರ ಒಟ್ಟಿಗೆ ಹಿಂದೆ ಸರಿದು ಬಳಿಕ ಬೇರ್ಪಡುತ್ತವೆ.

ಕಾಂಪ್ಯಾಕ್ಟ್ ಪಿಸ್ತೂಲಿನ ವಿಶೇಷತೆ

ಕಾಂಪ್ಯಾಕ್ಟ್ ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದೇ ಅಳತೆಯಿಲ್ಲ. ಉದಾಹರಣೆಗೆ, ಆಸ್ಟ್ರಿಯಾದ ಗ್ಲಾಕ್ 17 ಪಿಸ್ತೂಲಿನ ನಳಿಕೆ 114 ಮಿ.ಮೀ. ಉದ್ದವಿದ್ದರೆ ಅದರ ಕಾಂಪ್ಯಾಕ್ಟ್ ರೂಪವಾದ ಗ್ಲಾಕ್ 19ರದು 102 ಮಿ.ಮೀ.; ಇನ್ನೂ ಚಿಕ್ಕದಾದ ಗ್ಲಾಕ್ 26ರದು 87 ಮಿ.ಮೀ. ನಳಿಕೆ ಗಿಡ್ಡವಾದಂತೆ ಸ್ಲೈಡ್ ಗಿಡ್ಡವೂ ಹಗುರವೂ ಆಗುತ್ತದೆ, ಅದು ಹಿಂದೆ ಸರಿಯಲು ದೊರೆಯುವ ಜಾಗವೂ ಕಡಿಮೆಯಾಗುತ್ತದೆ. ಅದೇ ಬಲದ ಕಾಡತೂಸನ್ನು ತಡೆಯಲು ಸ್ಪ್ರಿಂಗ್ ಹೆಚ್ಚು ಬಿಗಿಯಾಗಿರಬೇಕಾಗುತ್ತದೆ. ಹಿಡಿಯೂ ಚಿಕ್ಕದಾದುದರಿಂದ ಬೆರಳುಗಳಿಗೆ ಪೂರ್ಣ ಆಧಾರ ಸಿಗುವುದಿಲ್ಲ.

ಇವುಗಳ ಒಟ್ಟು ಪರಿಣಾಮವಾಗಿ ಸಣ್ಣ ಪಿಸ್ತೂಲಿನಲ್ಲಿ ತಪ್ಪಿಗೆ ಆಸ್ಪದ ಕಡಿಮೆ. ದೊಡ್ಡ ಪಿಸ್ತೂಲು ಸಹಿಸಿಕೊಳ್ಳುವ ತುಸು ದುರ್ಬಲ ಕಾಡತೂಸು, ತುಸು ಒಣಗಿದ ಎಣ್ಣೆ, ತುಸು ಸಡಿಲವಾದ ಮುಂಗೈ ಇವನ್ನು ಚಿಕ್ಕ ಪಿಸ್ತೂಲು ಸಹಿಸದೆ ನಡುವೆ ನಿಂತುಬಿಡಬಹುದು. ಹೊಸದರಲ್ಲಿ ಸ್ಪ್ರಿಂಗುಗಳು ಬಿಗಿಯಾಗಿಯೂ ಲೋಹದ ಅಂಚುಗಳು ಒರಟಾಗಿಯೂ ಇರುವುದರಿಂದ ಈ ತೊಂದರೆ ಮೊದಲ ದಿನಗಳಲ್ಲಿ ಹೆಚ್ಚು.

ಸುರಕ್ಷತಾ ನಿಯಮಗಳು

ಅಮೆರಿಕದ ತರಬೇತುದಾರ ಜೆಫ್ ಕೂಪರ್ ಪ್ರಚುರಪಡಿಸಿದ ನಾಲ್ಕು ನಿಯಮಗಳು ಇಂದು ಜಗತ್ತಿನ ಹಲವೆಡೆ ಪಾಠದ ಭಾಗವಾಗಿವೆ. ಪ್ರತಿ ಬಂದೂಕನ್ನೂ ತುಂಬಿದ ಬಂದೂಕೆಂದೇ ತಿಳಿಯಬೇಕು. ನಾಶಮಾಡಲು ಇಚ್ಛಿಸದ ಯಾವುದರ ಕಡೆಗೂ ಮೂತಿಯನ್ನು ತಿರುಗಿಸಬಾರದು. ಗುರಿಯಿಡುವವರೆಗೆ ಬೆರಳನ್ನು ಕುದುರೆಯಿಂದ ಹೊರಗಿಡಬೇಕು. ಗುರಿಯನ್ನೂ ಅದರ ಹಿಂದೆ ಏನಿದೆಯೆಂಬುದನ್ನೂ ಅರಿತಿರಬೇಕು.

ಪಳಗಿಸುವಿಕೆ ಮತ್ತು ಶುಚಿಗೊಳಿಸುವಿಕೆಯಲ್ಲಿ ಮೊದಲ ನಿಯಮಕ್ಕೆ ವಿಶೇಷ ಅರ್ಥವಿದೆ. ಕೆಲವು ಪಿಸ್ತೂಲುಗಳನ್ನು ಬಿಚ್ಚುವ ಮುನ್ನ ಕುದುರೆಯನ್ನು ಎಳೆಯಬೇಕಾಗುತ್ತದೆ. ಗ್ಲಾಕ್ ಇದಕ್ಕೆ ಉದಾಹರಣೆ. ಚೇಂಬರಿನಲ್ಲಿ ಕಾಡತೂಸು ಉಳಿದಿದ್ದರೆ ಅದು ಆ ಕ್ಷಣವೇ ಹಾರುತ್ತದೆ. ಆದ್ದರಿಂದ ಮೊದಲು ಮ್ಯಾಗಜೀನನ್ನು ತೆಗೆಯಬೇಕು, ಅನಂತರ ಸ್ಲೈಡನ್ನು ಹಿಂದೆಳೆದು ತಡೆಹಿಡಿಯಬೇಕು, ಬಳಿಕ ಚೇಂಬರನ್ನು ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟಿ ಖಾಲಿಯೆಂದು ಖಚಿತಪಡಿಸಿಕೊಳ್ಳಬೇಕು. ಈ ಕ್ರಮ ಹಿಂದುಮುಂದಾದರೆ ಅಪಾಯ: ಮ್ಯಾಗಜೀನ್ ಒಳಗಿರುವಾಗ ಸ್ಲೈಡನ್ನು ಎಳೆದು ಬಿಟ್ಟರೆ ಒಂದು ಕಾಡತೂಸು ಹೊರಬಿದ್ದು ಮತ್ತೊಂದು ಒಳಸೇರುತ್ತದೆ. ಶುಚಿಗೊಳಿಸುವ ಮೇಜಿನ ಮೇಲೆ ಕಾಡತೂಸುಗಳನ್ನು ಇರಿಸಬಾರದು. ಗುಂಡು ಹಾರಿಸುವಾಗ ಕಣ್ಣು ಮತ್ತು ಕಿವಿಗಳಿಗೆ ರಕ್ಷಣೆ ಇರಬೇಕು.

ಪಳಗಿಸುವ ಕ್ರಮ

ಪಳಗಿಸುವಿಕೆಯು ತಯಾರಕರು ನಡೆಸುವ ಪ್ರೂಫ್ ಪರೀಕ್ಷೆಗಿಂತ ಭಿನ್ನವಾದುದು. ಪ್ರೂಫ್ ಪರೀಕ್ಷೆಯಲ್ಲಿ ಸಾಮಾನ್ಯಕ್ಕಿಂತ ಹೆಚ್ಚಿನ ಒತ್ತಡದ ಕಾಡತೂಸನ್ನು ಹಾರಿಸಿ ನಳಿಕೆ ಸಿಡಿಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಲಾಗುತ್ತದೆ. ಪಳಗಿಸುವಿಕೆಯು ನಂಬಿಕಸ್ಥ ಚಲನೆಯ ಪರೀಕ್ಷೆಯಾಗಿದ್ದು ಬಳಕೆದಾರನಿಗೆ ಸಂಬಂಧಿಸಿದ್ದು.

ಎಷ್ಟು ಗುಂಡುಗಳು ಬೇಕೆಂಬುದರಲ್ಲಿ ಏಕಾಭಿಪ್ರಾಯವಿಲ್ಲ. ಸಣ್ಣ ಪಿಸ್ತೂಲುಗಳ ತಯಾರಕ ಸಂಸ್ಥೆಯಾದ ಅಮೆರಿಕದ ಕಾರ್ ಆರ್ಮ್ಸ್ ತನ್ನ ಕೈಪಿಡಿಯಲ್ಲಿ 200 ಗುಂಡುಗಳ ಅವಧಿಯನ್ನು ಸೂಚಿಸುತ್ತದೆ. ಬೇರೆ ತಯಾರಕರಲ್ಲಿ ಹಲವರು ಅಂಥ ಸಂಖ್ಯೆಯನ್ನೇ ಹೇಳುವುದಿಲ್ಲ. ಆದುದರಿಂದ ತಯಾರಕರ ಕೈಪಿಡಿಯೇ ಮೊದಲ ಆಧಾರ. ಸಾಮಾನ್ಯವಾಗಿ ಅನುಸರಿಸುವ ಹಂತಗಳು ಹೀಗಿವೆ.

ಮೊದಲ ಶುಚಿ: ಕಾರ್ಖಾನೆಯಿಂದ ಬರುವ ಪಿಸ್ತೂಲಿಗೆ ತುಕ್ಕು ಹಿಡಿಯದಂತೆ ದಪ್ಪ ಗ್ರೀಸು ಹಚ್ಚಿರಬಹುದು. ಇದು ರಕ್ಷಣೆಗಾಗಿ ಹಚ್ಚಿದುದೇ ಹೊರತು ಚಲನೆಗಾಗಿ ಅಲ್ಲ. ಒರೆಸಿ ತೆಗೆದು ಸೂಕ್ತ ಎಣ್ಣೆಯನ್ನು ಹಚ್ಚಬೇಕು. ಇದಕ್ಕೂ ಅಪವಾದವಿದೆ. ಹೊಸ ಗ್ಲಾಕ್ ಪಿಸ್ತೂಲಿನ ಸ್ಲೈಡಿನ ಒಳಗೆ ಹಚ್ಚಿರುವ ತಾಮ್ರವರ್ಣದ ಲೇಪವನ್ನು ತೆಗೆಯಬಾರದೆಂದು ಅದರ ತಯಾರಕರೇ ತಿಳಿಸುತ್ತಾರೆ.

ಎಣ್ಣೆ: ಸ್ಲೈಡ್ ಜಾರುವ ಹಳಿಗಳು, ನಳಿಕೆಯ ಹೊರಮೈ ಮುಂತಾಗಿ ಲೋಹಕ್ಕೆ ಲೋಹ ಉಜ್ಜುವ ಕಡೆಗಳಲ್ಲಿ ಒಂದೆರಡು ಹನಿ ಸಾಕು. ಫೈರಿಂಗ್ ಪಿನ್ನಿನ ಕೊಳವೆಗೆ ಎಣ್ಣೆ ಹೋದರೆ ಮಸಿಯೊಡನೆ ಸೇರಿ ಅಂಟಾಗಿ ಪಿನ್ನಿನ ಹೊಡೆತವನ್ನು ಕುಗ್ಗಿಸುತ್ತದೆ. ಚೇಂಬರಿನಲ್ಲಿಯೂ ಕಾಡತೂಸಿನ ಮೇಲೂ ಎಣ್ಣೆ ಇರಬಾರದು.

ಹಾರಿಸುವಿಕೆ: ಮೊದಲಿಗೆ ತಯಾರಕರು ಸೂಚಿಸಿದ ಬಲದ, ಪೂರ್ತಿ ಲೋಹದ ಹೊದಿಕೆಯುಳ್ಳ ಉರುಟು ಮೂತಿಯ ಗುಂಡುಗಳನ್ನು ಬಳಸಲಾಗುತ್ತದೆ, ಏಕೆಂದರೆ ಈ ಆಕಾರವು ಚೇಂಬರಿಗೆ ಸಲೀಸಾಗಿ ಜಾರುತ್ತದೆ. ಸುಮಾರು 50 ಗುಂಡುಗಳಿಗೊಮ್ಮೆ ಪಿಸ್ತೂಲನ್ನು ಪರೀಕ್ಷಿಸಿ ಅಗತ್ಯವಿದ್ದರೆ ಶುಚಿಗೊಳಿಸುವುದು ರೂಢಿ. ಮೊದಲ ನೂರು ಗುಂಡುಗಳಲ್ಲಿ ಅಡಚಣೆಗಳು ವಿರಳವಾಗುತ್ತ ಹೋದರೆ ಭಾಗಗಳು ಹೊಂದಿಕೊಳ್ಳುತ್ತಿವೆಯೆಂದು ತಿಳಿಯಬಹುದು. ಅವು ಅಷ್ಟೇ ಉಳಿದರೆ ಅಥವಾ ಹೆಚ್ಚಿದರೆ ಅದು ಪಳಗಿಸುವಿಕೆಯಿಂದ ನೀಗುವ ದೋಷವಲ್ಲ.

ಅಂತಿಮ ಪರೀಕ್ಷೆ: ಮುಂದೆ ನಿಜವಾಗಿ ಬಳಸಬೇಕಾದ ಕಾಡತೂಸು ಮತ್ತು ಮ್ಯಾಗಜೀನುಗಳಿಂದಲೇ ಕೊನೆಯ ಪರೀಕ್ಷೆ ನಡೆಯಬೇಕು. ಒಂದು ಬಗೆಯ ಕಾಡತೂಸಿನಲ್ಲಿ ನಿರಾತಂಕವಾಗಿ ನಡೆದ ಪಿಸ್ತೂಲು ಮತ್ತೊಂದು ಬಗೆಯಲ್ಲಿ ಹಾಗೆಯೇ ನಡೆಯುತ್ತದೆಂದು ಹೇಳಲಾಗದು.

ಅಡಚಣೆಗಳ ವಿಧಗಳು

ಗುಂಡು ಹಾರದಿರುವುದು: ಕುದುರೆ ಎಳೆದಾಗ ಟಕ್ಕೆಂಬ ಸದ್ದು ಮಾತ್ರ ಕೇಳುತ್ತದೆ. ಚೇಂಬರ್ ಖಾಲಿಯಿರಬಹುದು, ಸ್ಲೈಡ್ ಪೂರ್ತಿ ಮುಚ್ಚದಿರಬಹುದು, ಪ್ರೈಮರ್ ಕೆಟ್ಟಿರಬಹುದು ಅಥವಾ ಪಿನ್ನಿನ ಹೊಡೆತ ದುರ್ಬಲವಾಗಿರಬಹುದು. ಹೊರತೆಗೆದ ಕಾಡತೂಸಿನ ತಳದಲ್ಲಿ ಆಳವಾದ ಗುಳಿ ಬಿದ್ದಿದ್ದರೆ ದೋಷ ಸಾಮಾನ್ಯವಾಗಿ ಕಾಡತೂಸಿನದು. ಗುಳಿ ತೆಳುವಾಗಿದ್ದರೆ ಅಥವಾ ಇಲ್ಲದಿದ್ದರೆ ಪಿಸ್ತೂಲಿನದು. ತರಬೇತಿ ಮೈದಾನದಲ್ಲಿ ಇಂಥ ಸಂದರ್ಭದಲ್ಲಿ ಮೂತಿಯನ್ನು ಸುರಕ್ಷಿತ ದಿಕ್ಕಿನಲ್ಲಿ ಹಿಡಿದು ಕನಿಷ್ಠ 30 ಸೆಕೆಂಡು ಕಾಯಲಾಗುತ್ತದೆ. ನಿಧಾನವಾಗಿ ಹೊತ್ತಿಕೊಳ್ಳುವ ಕಾಡತೂಸು ತೆರೆದ ಪಿಸ್ತೂಲಿನಲ್ಲಿ ಅಥವಾ ಕೈಯಲ್ಲಿ ಸಿಡಿಯಬಾರದೆಂಬುದೇ ಇದರ ಉದ್ದೇಶ.

ಒಳಸೇರದಿರುವುದು: ಕಾಡತೂಸು ಮೂಗು ತಗ್ಗಿಸಿ ಇಳಿಜಾರಿಗೆ ಗುದ್ದಿಕೊಂಡು ನಿಲ್ಲುತ್ತದೆ. ಮ್ಯಾಗಜೀನ್ ಸರಿಯಾಗಿ ಕೂರದಿರುವುದು, ಅದರ ಮೇಲಂಚಿನ ತುಟಿಗಳು ಬಾಗಿರುವುದು, ಅದರ ಸ್ಪ್ರಿಂಗ್ ಸೋತಿರುವುದು, ಗುಂಡಿನ ಆಕಾರ ಹೊಂದದಿರುವುದು ಮುಖ್ಯ ಕಾರಣಗಳು.

ಸ್ಲೈಡ್ ಪೂರ್ತಿ ಮುಚ್ಚದಿರುವುದು: ಕಾಡತೂಸು ಚೇಂಬರನ್ನು ಸೇರಿದರೂ ಸ್ಲೈಡ್ ಒಂದೆರಡು ಮಿಲಿಮೀಟರಿನಷ್ಟು ಹಿಂದೆ ಉಳಿಯುತ್ತದೆ. ಮಸಿ, ಒಣ ಹಳಿಗಳು, ಸೋತ ಸ್ಪ್ರಿಂಗ್ ಅಥವಾ ಅಳತೆ ಮೀರಿದ ಕಾಡತೂಸು ಇದಕ್ಕೆ ಕಾರಣ. ಸ್ಲೈಡನ್ನು ಹಿಂದಕ್ಕೆ ಪೂರ್ತಿ ಎಳೆದು ಒಮ್ಮೆಲೆ ಬಿಡದೆ ಕೈಯಿಂದ ಹಿಡಿದು ಮೆಲ್ಲಗೆ ಮುಂದೆ ಬಿಡುವ ಅಭ್ಯಾಸದಿಂದಲೂ ಹೀಗಾಗುತ್ತದೆ.

ಕವಚ ಹೊರಬೀಳದಿರುವುದು: ಖಾಲಿ ಕವಚವು ಕಿಂಡಿಯಲ್ಲಿ ಒಲೆಯ ಹೊಗೆಕೊಳವೆಯಂತೆ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಸ್ಲೈಡ್ ಸಾಕಷ್ಟು ವೇಗವಾಗಿ ಹಿಂದೆ ಸರಿಯಲಿಲ್ಲವೆಂಬುದೇ ಇದರ ಅರ್ಥ. ಕಾಡತೂಸಿನ ಬಲ ಸಾಲದಿರಬಹುದು, ಎಕ್ಸ್‌ಟ್ರಾಕ್ಟರ್ ಅಥವಾ ಎಜೆಕ್ಟರ್ ಸವೆದಿರಬಹುದು. ಚಿಕ್ಕ ಪಿಸ್ತೂಲುಗಳಲ್ಲಿ ಸಾಮಾನ್ಯ ಕಾರಣ ಸಡಿಲ ಮುಂಗೈ. ಸ್ಲೈಡ್ ಹಿಂದೆ ಸರಿಯಬೇಕಾದರೆ ಹಿಡಿಯು ಸ್ಥಿರವಾಗಿ ನಿಲ್ಲಬೇಕು. ಹಿಡಿಯೂ ಅದರೊಡನೆ ಹಿಂದೆ ಹೋದರೆ ಚಲನೆಯ ಬಲವು ಕೈಯಲ್ಲಿಯೇ ಕರಗುತ್ತದೆ.

ಜೋಡಿ ಭರ್ತಿ: ಖಾಲಿ ಕವಚವು ಚೇಂಬರಿನಲ್ಲಿಯೇ ಉಳಿದು ಹೊಸ ಕಾಡತೂಸು ಅದರ ಬೆನ್ನಿಗೆ ಬಂದು ಗುದ್ದುತ್ತದೆ. ಇದನ್ನು ಬಿಡಿಸಲು ಸ್ಲೈಡನ್ನು ಹಿಂದೆ ತಡೆಹಿಡಿದು, ಮ್ಯಾಗಜೀನನ್ನು ಕಿತ್ತು, ಹಲವು ಬಾರಿ ಸ್ಲೈಡನ್ನು ಎಳೆದು ಚೇಂಬರನ್ನು ತೆರವುಗೊಳಿಸಬೇಕಾಗುತ್ತದೆ.

ಅಂಚು ಸಿಕ್ಕುವಿಕೆ: ಇದು ಪಾಯಿಂಟ್ 32 ಬೋರಿನ ಪಿಸ್ತೂಲುಗಳಲ್ಲಿ ಕಾಣುವ ಸಮಸ್ಯೆ. ಈ ಕಾಡತೂಸಿನ ಕವಚವು ತಳದ ಬಳಿ ಸುಮಾರು 8.6 ಮಿ.ಮೀ. ವ್ಯಾಸವುಳ್ಳದ್ದು, ಅದರ ಅಂಚಿನ ವ್ಯಾಸ ಸುಮಾರು 9.1 ಮಿ.ಮೀ. ಅಂದರೆ ಅಂಚು ತುಸುವೇ ಹೊರಚಾಚಿದೆ. ಮ್ಯಾಗಜೀನಿನಲ್ಲಿ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಅದು ಹಿಂದೆ ಸರಿದರೆ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಮುಂದೆ ಚಲಿಸದಾಗುತ್ತವೆ. ಗಿಡ್ಡನೆಯ ಗುಂಡುಗಳನ್ನು ತುಂಬಿದಾಗ ಮ್ಯಾಗಜೀನಿನಲ್ಲಿ ಹಿಂದುಮುಂದೆ ಆಡಲು ಜಾಗ ಉಳಿಯುವುದರಿಂದ ಇದರ ಸಂಭವ ಹೆಚ್ಚು. ಸ್ಲೈಡನ್ನು ಎಳೆದು ಬಿಡುವುದರಿಂದ ಇದು ಪರಿಹಾರವಾಗದು. ಮ್ಯಾಗಜೀನನ್ನು ತೆಗೆದು ಸರಿಯಾಗಿ ಮತ್ತೆ ತುಂಬಬೇಕು.

ಗುಂಡು ನಳಿಕೆಯಲ್ಲಿ ಉಳಿಯುವುದು: ಎಲ್ಲ ಅಡಚಣೆಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಇದು, ಅತ್ಯಂತ ಮೆಲುದನಿಯದೂ ಹೌದು. ಕಾಡತೂಸಿನಲ್ಲಿ ಮದ್ದು ಇಲ್ಲದೆ ಅಥವಾ ತೀರ ಕಡಿಮೆಯಿದ್ದು ಪ್ರೈಮರಿನ ಬಲದಿಂದಲೇ ಗುಂಡು ನಳಿಕೆಯ ಅರ್ಧದವರೆಗೆ ಸಾಗಿ ನಿಲ್ಲುತ್ತದೆ. ಎಂದಿನ ಸಿಡಿತದ ಬದಲು ಪುಸ್ಸೆಂಬ ಸದ್ದು ಬರುತ್ತದೆ, ಹಿನ್ನೊದೆತ ಇರುವುದಿಲ್ಲ. ಅದನ್ನು ಸಾಮಾನ್ಯ ಅಡಚಣೆಯೆಂದು ಬಗೆದು ಸ್ಲೈಡ್ ಎಳೆದು ಮತ್ತೊಂದು ಗುಂಡು ಹಾರಿಸಿದರೆ ಮುಚ್ಚಿದ ನಳಿಕೆ ಸಿಡಿದು ಕೈ, ಕಣ್ಣುಗಳಿಗೆ ಹಾನಿಯಾಗಬಹುದು. ಸದ್ದು ಅಥವಾ ಒದೆತ ಭಿನ್ನವಾಗಿ ಕಂಡೊಡನೆ ನಿಲ್ಲಿಸಿ, ಪಿಸ್ತೂಲನ್ನು ತೆರವುಗೊಳಿಸಿ, ಬಿಚ್ಚಿದ ನಳಿಕೆಯ ಮೂಲಕ ಬೆಳಕು ಕಾಣುವುದೇ ಎಂದು ಪರೀಕ್ಷಿಸುವುದು ಕಡ್ಡಾಯ.

ಒಂದೇ ಎಳೆತಕ್ಕೆ ಎರಡು ಗುಂಡು: ಕುದುರೆಯ ಒಂದು ಎಳೆತಕ್ಕೆ ಒಂದಕ್ಕಿಂತ ಹೆಚ್ಚು ಗುಂಡು ಹಾರಿದರೆ ಅದು ಯಂತ್ರಭಾಗದ ಗಂಭೀರ ದೋಷ. ಅಂಥ ಪಿಸ್ತೂಲನ್ನು ಪರಿಣತರು ಪರಿಶೀಲಿಸುವವರೆಗೆ ಬಳಸಬಾರದು.

ಕಾರಣ ಪತ್ತೆ

ಅಡಚಣೆ ನಿವಾರಣೆಯಲ್ಲಿ ಪಾಲಿಸಬೇಕಾದ ತತ್ತ್ವ ಸರಳವಾದುದು: ಹೊರಗಿನಿಂದ ಒಳಕ್ಕೆ, ಸುಲಭದಿಂದ ಕಷ್ಟಕ್ಕೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಸಂಗತಿಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಇದಕ್ಕೆ ಒಂದು ದಾಖಲೆ ಪುಸ್ತಕ ಬಹಳ ನೆರವಾಗುತ್ತದೆ. ಹಾರಿಸಿದ ಗುಂಡಿನ ಕ್ರಮಸಂಖ್ಯೆ, ಕಾಡತೂಸಿನ ತಯಾರಿಕೆ, ಮ್ಯಾಗಜೀನಿನ ಗುರುತು, ಹಾರಿಸಿದವರು ಯಾರು, ಸಿಕ್ಕಿಕೊಂಡ ಸ್ಥಿತಿ ಇವನ್ನು ಬರೆದಿಟ್ಟರೆ ಹತ್ತಾರು ಅಡಚಣೆಗಳ ನಡುವೆ ಒಂದು ವಿನ್ಯಾಸ ಗೋಚರಿಸುತ್ತದೆ. ಮ್ಯಾಗಜೀನುಗಳಿಗೆ 1, 2 ಎಂದು ಅಂಕಿ ಬರೆದಿಡುವುದು ಇದರ ಮೊದಲ ಹೆಜ್ಜೆ.

- ಒಂದೇ ಮ್ಯಾಗಜೀನಿನೊಡನೆ ದೋಷ ಮರುಕಳಿಸಿದರೆ ಮ್ಯಾಗಜೀನ್ ಕಾರಣ.
- ಎಲ್ಲ ಮ್ಯಾಗಜೀನುಗಳಲ್ಲೂ, ಆದರೆ ಒಂದೇ ಬಗೆಯ ಕಾಡತೂಸಿನಲ್ಲಿ ಮಾತ್ರ ಮರುಕಳಿಸಿದರೆ ಕಾಡತೂಸು ಕಾರಣ.
- ಒಬ್ಬರ ಕೈಯಲ್ಲಿ ಆಗಿ ಮತ್ತೊಬ್ಬರ ಕೈಯಲ್ಲಿ ಆಗದಿದ್ದರೆ ಹಿಡಿತ ಕಾರಣ.
- ಶುಚಿಗೊಳಿಸಿದ ಮೇಲೆ ನಿಂತು ಕೆಲವು ಗುಂಡುಗಳ ಬಳಿಕ ಮತ್ತೆ ಕಂಡರೆ ಮಸಿ ಅಥವಾ ಎಣ್ಣೆಯ ಕೊರತೆ ಕಾರಣ.
- ಈ ಯಾವುದನ್ನು ಬದಲಿಸಿದರೂ ದೋಷ ಉಳಿದರೆ ಪಿಸ್ತೂಲಿನ ಭಾಗಗಳನ್ನು ಶಂಕಿಸಬೇಕು.

ಕೊನೆಯ ಗುಂಡಿನ ಬಳಿಕ ಸ್ಲೈಡ್ ತೆರೆದು ನಿಲ್ಲದಿರುವುದು ಹಲವು ಸಲ ಯಂತ್ರದೋಷವಾಗಿರುವುದಿಲ್ಲ. ಹಾರಿಸುವವರ ಹೆಬ್ಬೆರಳು ತಡೆಸನ್ನೆಯ ಮೇಲೆ ಒತ್ತಿಕೊಂಡಿರುತ್ತದೆ. ಇದೇ ಕಾರಣಕ್ಕೆ ಉಜ್ಜುವುದು, ಅರ ಹಾಕುವುದು, ಸ್ಪ್ರಿಂಗ್ ಕತ್ತರಿಸುವುದು ಮುಂತಾದವನ್ನು ಕೈಗೊಳ್ಳುವ ಮುನ್ನ ಮೇಲಿನ ಪಟ್ಟಿಯನ್ನು ಪೂರೈಸಬೇಕೆಂದು ಪರಿಣತರು ಒತ್ತಿ ಹೇಳುತ್ತಾರೆ. ಉಜ್ಜಿ ತೆಗೆದ ಲೋಹವನ್ನು ಮತ್ತೆ ಸೇರಿಸಲಾಗದು.

ಹವಾಮಾನ ಮತ್ತು ಧೂಳು

ಹೊಸಪೇಟೆ ಮತ್ತು ಸಂಡೂರು ಪ್ರದೇಶದ ಕೆಂಪು ಧೂಳು ಕಬ್ಬಿಣದ ಅದಿರಾದ ಹೆಮಟೈಟನ್ನು ಒಳಗೊಂಡಿರುತ್ತದೆ. ಮೋಸ್ ಮಾಪಕದಲ್ಲಿ ಇದರ ಕಾಠಿಣ್ಯ ಸುಮಾರು 5.5ರಿಂದ 6.5. ಇಂಥ ಧೂಳು ಅತಿಯಾಗಿ ಹಚ್ಚಿದ ಎಣ್ಣೆಯೊಡನೆ ಬೆರೆತರೆ ಉಜ್ಜುವ ಹಿಟ್ಟಿನಂತೆ ವರ್ತಿಸುತ್ತದೆ. ಧೂಳಿನ ನಾಡಿನಲ್ಲಿ ಎಣ್ಣೆ ತೆಳುವಾಗಿ ಹಚ್ಚಿ ಮೇಲಿಂದ ಮೇಲೆ ಒರೆಸುವುದು ಮೇಲು. ಮಲೆನಾಡು ಮತ್ತು ಕೊಡಗಿನಂತಹ ಹೆಚ್ಚು ಮಳೆಯ ಪ್ರದೇಶಗಳಲ್ಲಿ ತುಕ್ಕು ಪ್ರಧಾನ ಶತ್ರು. ಅಲ್ಲಿ ಚರ್ಮದ ಚೀಲದೊಳಗೆ ಪಿಸ್ತೂಲನ್ನು ಬಹುಕಾಲ ಇಡುವುದು ಹಾನಿಕರ, ಏಕೆಂದರೆ ಚರ್ಮವು ತೇವವನ್ನು ಹಿಡಿದಿಡುತ್ತದೆ. ಕಾಡತೂಸುಗಳನ್ನು ತಂಪಾದ ಒಣ ಸ್ಥಳದಲ್ಲಿ ಇರಿಸಬೇಕು.

ಕ್ರೀಡೆಯಲ್ಲಿ ಅಡಚಣೆ

ಅಂತಾರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮಗಳು 25 ಮೀಟರ್ ಪಿಸ್ತೂಲು ಸ್ಪರ್ಧೆಗಳಲ್ಲಿ ಅಡಚಣೆಯನ್ನು ಮಾನ್ಯವಾದುದು ಮತ್ತು ಮಾನ್ಯವಲ್ಲದುದು ಎಂದು ಎರಡಾಗಿ ವಿಂಗಡಿಸುತ್ತವೆ. ಕಾಡತೂಸು ಸಿಡಿಯದಿರುವುದು, ಕವಚ ಸಿಕ್ಕಿಕೊಳ್ಳುವುದು ಮೊದಲಾದವು ಮಾನ್ಯ. ಪಿಸ್ತೂಲನ್ನು ತುಂಬಲು ಮರೆತಿರುವುದು, ಸುರಕ್ಷತಾ ಸನ್ನೆಯನ್ನು ತೆಗೆಯದಿರುವುದು ಮೊದಲಾದವು ಸ್ಪರ್ಧಿಯ ತಪ್ಪುಗಳು. ಅಡಚಣೆಯಾದಾಗ ಸ್ಪರ್ಧಿಯು ಪಿಸ್ತೂಲನ್ನು ಗುರಿಯ ದಿಕ್ಕಿನಲ್ಲೇ ಹಿಡಿದು ಇನ್ನೊಂದು ಕೈಯನ್ನು ಮೇಲೆತ್ತಿ ಅಧಿಕಾರಿಗೆ ತಿಳಿಸಬೇಕು. ತಾನೇ ಬಿಡಿಸಲು ಹೋಗಬಾರದು.

ಸಾಧನದ ದೋಷ ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಟೋಕಿಯೊ ಒಲಿಂಪಿಕ್ಸ್ ನಿದರ್ಶನ ಒದಗಿಸಿತು. 2021ರ ಜುಲೈ 25ರಂದು ಮಹಿಳೆಯರ 10 ಮೀಟರ್ ಏರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಭಾರತದ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು, ದುರಸ್ತಿಯಲ್ಲಿ ಸಮಯ ಕಳೆದುಹೋಯಿತು. ಅವರು 575 ಅಂಕಗಳೊಡನೆ 12ನೆಯ ಸ್ಥಾನ ಪಡೆದು ಅಂತಿಮ ಸುತ್ತಿನಿಂದ ವಂಚಿತರಾದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಇದೇ ಸ್ಪರ್ಧೆಯಲ್ಲಿ ಕಂಚಿನ ಪದಕ ಗಳಿಸಿದರು. ಏರ್ ಪಿಸ್ತೂಲು ಮದ್ದಿನಿಂದಲ್ಲದೆ ಒತ್ತಿದ ಗಾಳಿಯಿಂದ ಕೆಲಸ ಮಾಡುತ್ತದೆ. ಆದರೂ ಸಾಧನವನ್ನು ಸ್ಪರ್ಧೆಗೆ ಮೊದಲೇ ಪರೀಕ್ಷಿಸುವ ಅಗತ್ಯ ಎರಡಕ್ಕೂ ಸಮಾನ.

ಭಾರತದ ಕಾನೂನು ಮತ್ತು ಕರ್ನಾಟಕದ ಸಂದರ್ಭ

ಭಾರತದಲ್ಲಿ ಬಂದೂಕುಗಳ ಒಡೆತನವು 1959ರ ಆಯುಧ ಅಧಿನಿಯಮ ಮತ್ತು 2016ರ ಆಯುಧ ನಿಯಮಗಳಿಗೆ ಒಳಪಟ್ಟಿದೆ. ಕರ್ನಾಟಕದ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿಯೂ, ಪೊಲೀಸ್ ಕಮಿಷನರೇಟ್ ಇರುವ ಬೆಂಗಳೂರಿನಂಥ ನಗರಗಳಲ್ಲಿ ಪೊಲೀಸ್ ಆಯುಕ್ತರೂ ಪರವಾನಗಿ ನೀಡುತ್ತಾರೆ. 2016ರ ನಿಯಮಗಳು ಅರ್ಜಿದಾರರಿಗೆ ಸುರಕ್ಷತಾ ತರಬೇತಿಯನ್ನು ವಿಧಿಸಿವೆ. 2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಅಜಾಗರೂಕತೆಯಿಂದ ಅಥವಾ ಸಂಭ್ರಮಾಚರಣೆಗಾಗಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಅದು ವಿಧಿಸುತ್ತದೆ. ಹೊಲದಲ್ಲಿಯೋ ಮದುವೆಯ ಮೆರವಣಿಗೆಯಲ್ಲಿಯೋ ಹಾರಿಸಿ ನೋಡುವುದು ಪಳಗಿಸುವಿಕೆಯಾಗದು. ಅದಕ್ಕೆ ಪರವಾನಗಿಯುಳ್ಳ ಶೂಟಿಂಗ್ ಮೈದಾನವೇ ತಕ್ಕ ಸ್ಥಳ.

9 ಮಿ.ಮೀ. ಪಿಸ್ತೂಲು ಭಾರತದಲ್ಲಿ ನಿಷೇಧಿತ ಬೋರ್ ವರ್ಗಕ್ಕೆ ಸೇರಿದೆ. ಬ್ರೌನಿಂಗ್ ಹೈಪವರ್ ಮಾದರಿಯನ್ನು ಆಧರಿಸಿ ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವ 9 ಮಿ.ಮೀ. ಪಿಸ್ತೂಲು ಸೇನೆ ಮತ್ತು ಪೊಲೀಸರ ಬಳಕೆಯಲ್ಲಿದೆ. ನಾಗರಿಕ ಪರವಾನಗಿದಾರರ ಪಾಲಿಗೆ ಪ್ರಚಲಿತವಾದುದು ಪಾಯಿಂಟ್ 32 ಬೋರ್. ಸರ್ಕಾರಿ ಕಾರ್ಖಾನೆಗಳ ಅಶನಿ ಪಿಸ್ತೂಲು ಈ ಬೋರಿನದು.

ಪರವಾನಗಿ ಪತ್ರದಲ್ಲಿ ಒಂದು ಸಲಕ್ಕೆ ಇರಿಸಿಕೊಳ್ಳಬಹುದಾದ ಮತ್ತು ವರ್ಷಕ್ಕೆ ಕೊಳ್ಳಬಹುದಾದ ಕಾಡತೂಸುಗಳ ಮಿತಿಯನ್ನು ನಮೂದಿಸಲಾಗಿರುತ್ತದೆ. ಇದರಿಂದ ವಿದೇಶಿ ಕೈಪಿಡಿಗಳು ಹೇಳುವಂತೆ ನೂರಾರು ಗುಂಡುಗಳನ್ನು ಹಾರಿಸಿ ಪಳಗಿಸುವುದು ಸಾಮಾನ್ಯ ಪರವಾನಗಿದಾರನಿಗೆ ಸುಲಭವಲ್ಲ. ಇಂಥ ಸಂದರ್ಭದಲ್ಲಿ ಗುಂಡಿನ ಸಂಖ್ಯೆಗಿಂತ ಕ್ರಮಬದ್ಧತೆ ಮುಖ್ಯವಾಗುತ್ತದೆ: ಸರಿಯಾದ ಮೊದಲ ಶುಚಿ, ಮದ್ದಿಲ್ಲದ ಡಮ್ಮಿ ಕಾಡತೂಸುಗಳಿಂದ ಭರ್ತಿ ಹಾಗೂ ತೆರವಿನ ಅಭ್ಯಾಸ, ಮ್ಯಾಗಜೀನುಗಳ ಪರಿಶೀಲನೆ ಮತ್ತು ಹಾರಿಸಿದ ಪ್ರತಿ ಗುಂಡಿನ ದಾಖಲೆ. ಅಧಿನಿಯಮದ 5ನೆಯ ಪ್ರಕರಣವು ಬಂದೂಕುಗಳ ತಯಾರಿಕೆ, ಮಾರಾಟಗಳೊಡನೆ ದುರಸ್ತಿ ಮತ್ತು ಪರೀಕ್ಷೆಯ ವೃತ್ತಿಯನ್ನೂ ಪರವಾನಗಿಗೆ ಒಳಪಡಿಸಿದೆ. ಯಂತ್ರಭಾಗದ ದೋಷವನ್ನು ಅಂತಹ ಪರವಾನಗಿಯುಳ್ಳವರಿಂದಲೇ ಸರಿಪಡಿಸಿಕೊಳ್ಳಬೇಕು.

ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಆಯುಧ ಪರವಾನಗಿಯಿಂದ ವಿನಾಯಿತಿ ನೀಡಲಾಗಿದೆ. ಕೇಂದ್ರ ಸರ್ಕಾರವು 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿಯೂ ನಾಡಿನೆಲ್ಲೆಡೆ ನವರಾತ್ರಿಯ ಆಯುಧಪೂಜೆಯಲ್ಲಿಯೂ ಬಂದೂಕುಗಳನ್ನು ಹೊರತೆಗೆದು, ಒರೆಸಿ, ಪೂಜಿಸುವ ಪದ್ಧತಿಯಿದೆ. ವರ್ಷವಿಡೀ ಪೆಟ್ಟಿಗೆಯಲ್ಲಿದ್ದ ಆಯುಧವನ್ನು ಮನೆಮಂದಿಯ ನಡುವೆ ಕೈಗೆತ್ತಿಕೊಳ್ಳುವ ದಿನವಾದುದರಿಂದ, ಮ್ಯಾಗಜೀನ್ ತೆಗೆದು ಚೇಂಬರನ್ನು ನೋಡಿ ಮುಟ್ಟಿ ಖಾಲಿಯೆಂದು ಖಚಿತಪಡಿಸಿಕೊಂಡ ಬಳಿಕವೇ ಅದನ್ನು ಒರೆಸಲು ಇಲ್ಲವೆ ಪೂಜೆಗಿಡಲು ತೊಡಗುವುದು ಅಗತ್ಯ.

ಇವನ್ನೂ ನೋಡಿ

- ಆಯುಧಪೂಜೆ
- ಕೈಲ್‌ಪೊಳ್ದ್
- ರಾಯಚೂರು ಯುದ್ಧ
- ರಿವಾಲ್ವರ್
- ಶೂಟಿಂಗ್ ಕ್ರೀಡೆ